ಅರ್ಧ ಬೆಲೆಯ ಊಟದ ವೋಚರ್: ಸಕಲೇಶಪುರಕ್ಕೆ ಹೊರಡುವ ಮುನ್ನ

ಜೂನ್ ಮಳೆ ಹಿಡಿದು ಹೇಮಾವತಿ ಕೆಂಪಗೆ ಹರಿಯುವ ಹೊತ್ತಿಗೆ ಬೆಂಗಳೂರು, ಮೈಸೂರು, ಮಂಗಳೂರಿನವರ ಮೊಬೈಲಿನಲ್ಲಿ ಸಕಲೇಶಪುರದ ಜಾಹೀರಾತುಗಳು ಹೆಚ್ಚುತ್ತವೆ. ಕಾಫಿ ತೋಟದ ನಡುವೆ ಹೆಂಚಿನ ಮನೆ, ಅಂಗಳದ ತುಂಬ ಮಂಜು, ಬಾಳೆಲೆಯ ಮೇಲೆ ಕಡುಬು, ಪಕ್ಕದಲ್ಲಿ ನಾಟಿ ಕೋಳಿ ಸಾರು. ಚಿತ್ರದ ಕೆಳಗೆ ‘₹5,000 ಬೆಲೆಯ ಊಟ-ವಾಸದ ಗಿಫ್ಟ್ ವೋಚರ್ ಇವತ್ತೊಂದು ದಿನ ₹2,499ಕ್ಕೆ’ ಎಂಬಂಥ ಸಾಲು. ಮದುವೆಯ ವಾರ್ಷಿಕೋತ್ಸವಕ್ಕೋ, ಮಗಳು ಮೊದಲ ಸಂಬಳದಲ್ಲಿ ಅಪ್ಪ ಅಮ್ಮನಿಗೆ ಕೊಡುವ ಉಡುಗೊರೆಗೋ ಇದಕ್ಕಿಂತ ಒಳ್ಳೆಯದು ಏನಿದೆ ಎನಿಸುವುದು ಸಹಜ. ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಕೊಳ್ಳುವ ಮುಂಚೆ ಇಷ್ಟು ತಿಳಿದಿರಬೇಕು: ಹಣ ಪಡೆಯುವವರು ಯಾರು, ಅಡುಗೆ ಮಾಡುವವರು ಯಾರು, ಆ ಇಬ್ಬರಿಗೂ ಒಬ್ಬರನ್ನೊಬ್ಬರು ಗೊತ್ತೇ?

ವೋಚರ್‌ಗೆ ದುಡ್ಡು ಕೊಟ್ಟಾಗ ನಿಮ್ಮ ಕೈಗೆ ಬರುವುದು ಒಂದು ಮಾತು. ಊಟ ಇನ್ನೂ ಮುಂದೆ ಇದೆ. ವೋಚರ್‌ಗಳನ್ನು ಒಟ್ಟಾಗಿ ಕೊಂಡು ಕಂಪನಿಗಳಿಗೆ ಮಾರುತ್ತಿದ್ದ ಬೆಂಗಳೂರಿನ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಸಂಸ್ಥೆಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2023ರ ಜನವರಿಯಲ್ಲಿ ಇದನ್ನೇ ತೆರಿಗೆಯ ಭಾಷೆಯಲ್ಲಿ ಹೇಳಿತು. ವೋಚರ್ ಸರಕೂ ಅಲ್ಲ, ಸೇವೆಯೂ ಅಲ್ಲ, ಮುಂದೆ ಅವನ್ನು ಪಡೆಯಲು ಬಳಸುವ ಸಾಧನ ಮಾತ್ರ; ಹಾಗಾಗಿ ಅದರ ಮಾರಾಟದ ಮೇಲೆ ಜಿಎಸ್‌ಟಿ ಇಲ್ಲ ಎಂದು ತೀರ್ಪಾಯಿತು. 2024ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೂ ಇದೇ ನಿಲುವು ತಳೆಯಿತು. ಗ್ರಾಹಕರಿಗೆ ಇದರಿಂದ ತಿಳಿಯಬೇಕಾದ್ದು ಸರಳ: ತೆರಿಗೆ ಬೀಳುವುದು ಊಟದ ದಿನ, ಊಟದ ಬಿಲ್ಲಿನ ಮೇಲೆ. ‘ಎಲ್ಲ ಸೇರಿ’ ಎಂದು ವೋಚರ್‌ನಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಜಿಎಸ್‌ಟಿ ನಿಮ್ಮ ಕೈಯಿಂದಲೇ ಹೋಗುತ್ತದೆ.

ರಿಯಾಯಿತಿ ಎಲ್ಲಿಂದ ಬರುತ್ತದೆ

ಅರ್ಧ ಬೆಲೆಗೆ ಊಟ ಮಾರುವ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. 2008ರಲ್ಲಿ ಶಿಕಾಗೋದಲ್ಲಿ ಶುರುವಾದ ಗ್ರೂಪಾನ್, ಹೋಟೆಲಿನವರನ್ನು ಒಪ್ಪಿಸಿ ಸಾವಿರದ ಊಟವನ್ನು ಐನೂರಕ್ಕೆ ಇಳಿಸಿ, ಆ ಐನೂರರಲ್ಲೂ ಸಾಮಾನ್ಯವಾಗಿ ಅರ್ಧದಷ್ಟನ್ನು ತಾನು ಇಟ್ಟುಕೊಳ್ಳುತ್ತಿತ್ತು. ಹೋಟೆಲಿಗೆ ಉಳಿಯುವುದು ಸಾವಿರಕ್ಕೆ ಇನ್ನೂರೈವತ್ತು. ಹೊಸ ಗಿರಾಕಿ ಮತ್ತೆ ಬರುತ್ತಾನೆ, ಜೊತೆಗೆ ಬೇರೆ ಐಟಂ ತಗೊಳ್ಳುತ್ತಾನೆ, ಕೊಂಡವರಲ್ಲಿ ಕೆಲವರು ವೋಚರ್ ಬಳಸುವುದನ್ನೇ ಮರೆಯುತ್ತಾರೆ ಎಂಬ ಲೆಕ್ಕದ ಮೇಲೆ ಅದು ನಿಂತಿತ್ತು. ನಮ್ಮಲ್ಲಿ ಸ್ನ್ಯಾಪ್‌ಡೀಲ್ 2010ರಲ್ಲಿ ಆರಂಭವಾದದ್ದೂ ಇಂಥ ಕೂಪನ್ ಮಾರಾಟದಿಂದಲೇ. ಮುಂದಿನ ವರ್ಷ ಗ್ರೂಪಾನ್ ತಾನೇ ಭಾರತಕ್ಕೆ ಬಂತು. ಅದರ ಇಲ್ಲಿನ ಶಾಖೆಯೇ 2015ರಲ್ಲಿ ನಿಯರ್‌ಬೈ ಆಯಿತು.

ಈ ಲೆಕ್ಕ ತಪ್ಪಿದಾಗ ಪೆಟ್ಟು ಬೀಳುವುದು ಅಡುಗೆಮನೆಗೆ. 2017ರಲ್ಲಿ ಬಂದ ಜೊಮ್ಯಾಟೊ ಗೋಲ್ಡ್ ಯೋಜನೆಯಲ್ಲಿ ಒಂದು ತಿಂಡಿಗೆ ಇನ್ನೊಂದು ಉಚಿತ ಇತ್ತು. ಅದರ ಭಾರ ತಾಳಲಾರದೆ 2019ರ ಆಗಸ್ಟ್‌ನಲ್ಲಿ ಗುರುಗ್ರಾಮದಿಂದ ಶುರುವಾಗಿ ಬೆಂಗಳೂರೂ ಸೇರಿದಂತೆ ಹಲವು ನಗರಗಳ ರೆಸ್ಟೋರೆಂಟುಗಳು ಒಟ್ಟಾಗಿ ಆ ಯೋಜನೆಯಿಂದ ಹೊರಬಂದವು. ಹೋಟೆಲಿನವರು ಹೊರಬಂದ ದಿನ ಸದಸ್ಯತ್ವಕ್ಕೆ ಮೊದಲೇ ದುಡ್ಡು ಕಟ್ಟಿದ್ದವರ ಪಟ್ಟಿಯಿಂದ ಆ ಹೋಟೆಲುಗಳು ಮಾಯವಾದವು. ಮಧ್ಯವರ್ತಿಯ ರಿಯಾಯಿತಿಗೆ ದುಡ್ಡು ಕಟ್ಟುವ ಯಾರೂ ಮರೆಯಬಾರದ ಸಂಗತಿ ಇದು. ನಿಮ್ಮ ಒಪ್ಪಂದ ಮಧ್ಯವರ್ತಿಯ ಜೊತೆ. ಅಡುಗೆಯವರು ಯಾವ ದಿನ ಬೇಕಾದರೂ ಅದರಿಂದ ಹೊರಗೆ ನಡೆಯಬಹುದು.

ಈಗ ಇದನ್ನು ಸಕಲೇಶಪುರ-ಆಲೂರಿನ ಗುಡ್ಡಗಳಿಗೆ ತಂದು ನೋಡಿ. ಇಲ್ಲಿ ಬೆಂಗಳೂರಿನ ಹಾಗೆ ಇನ್ನೂರು ಕುರ್ಚಿಯ ರೆಸ್ಟೋರೆಂಟುಗಳು ಬೀದಿಗೊಂದಿಲ್ಲ. ಹೆದ್ದಾರಿ ಬದಿಯ ಹೋಟೆಲುಗಳು, ಕೆಲವು ರೆಸಾರ್ಟುಗಳು ಬಿಟ್ಟರೆ ಹಾನುಬಾಳು, ಹೆತ್ತೂರು, ಯಸಳೂರು, ದೇವಾಲದಕೆರೆ, ಆಲೂರು ಕಡೆಯ ಪಾಳ್ಯ, ಕೆಂಚಮ್ಮನ ಹೊಸಕೋಟೆಯ ಸುತ್ತಮುತ್ತ ಊಟ ಸಿಗುವುದು ಹೋಮ್‌ಸ್ಟೇಗಳಲ್ಲಿ. ಅಲ್ಲಿ ಲೆಕ್ಕ ತಲೆಗೆ ಇಷ್ಟು ಎಂದು: ಸಂಜೆ ಕಾಫಿ-ಬೋಂಡದಿಂದ ಮಾರನೆಯ ದಿನದ ತಿಂಡಿಯವರೆಗೆ ಎಲ್ಲ ಸೇರಿ ಒಂದು ದರ. ಎಷ್ಟು ಜನ ಬರುತ್ತಾರೆ ಎಂದು ಗೊತ್ತಾದ ಮೇಲೆ ಕೋಳಿ ಹಿಡಿಯುವುದು, ಅಕ್ಕಿ ನೆನೆಹಾಕುವುದು, ಸಂತೆಯಿಂದ ಸೊಪ್ಪು ತರಿಸುವುದು. ಮಳೆಗಾಲದಲ್ಲಿ ಕಳಲೆ, ಅಣಬೆ, ಏಡಿ ಸಿಕ್ಕರೆ ಆವತ್ತಿನ ಊಟಕ್ಕೆ ಅದೂ ಸೇರುತ್ತದೆ. ಖಾಲಿ ಕುರ್ಚಿ ತುಂಬಿಸಲು ಅರ್ಧ ಬೆಲೆಗೆ ಬಿಟ್ಟುಕೊಡುವ ಪ್ರಶ್ನೆ ಇಂಥ ಅಡುಗೆಮನೆಯಲ್ಲಿ ಏಳುವುದೇ ಕಡಿಮೆ, ಏಕೆಂದರೆ ಬಾರದ ಅತಿಥಿಗೆ ಅಲ್ಲಿ ಅಡುಗೆಯೇ ಆಗಿರುವುದಿಲ್ಲ.

ವಾರದ ನಡುವೆ ಕೋಣೆಗಳು ಖಾಲಿ ಇದ್ದಾಗ ಮಾಲೀಕರು ನೂರಕ್ಕೆ ಹತ್ತೋ ಹದಿನೈದೋ ಬಿಡುವುದುಂಟು. ಗುಂಪು ದೊಡ್ಡದಾದರೆ ಇನ್ನಷ್ಟು ಚೌಕಾಸಿಯೂ ನಡೆಯುತ್ತದೆ. ಆದರೆ ಸಾಲು ರಜೆ ಬಂದಾಗ, ಡಿಸೆಂಬರ್ ಕೊನೆಯ ವಾರದಲ್ಲಿ, ಮಳೆಗಾಲದ ಶನಿವಾರ-ಭಾನುವಾರಗಳಲ್ಲಿ ಪೂರ್ತಿ ದರ ಕೊಡಲು ಜನ ಸಾಲುಗಟ್ಟಿರುತ್ತಾರೆ. ಅಂಥ ದಿನಕ್ಕೆ ಅರ್ಧ ಬೆಲೆಯ ವೋಚರ್ ಮಾರುತ್ತಿದ್ದಾರೆ ಎಂದರೆ ಸಾಮಾನ್ಯವಾಗಿ ಕಾರಣ ಎರಡೇ. ಒಂದೋ ಆ ದಿನಗಳಿಗೆ ವೋಚರ್ ನಡೆಯುವುದಿಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಇಲ್ಲವೇ ಮಾರುವವರಿಗೂ ಆ ಮನೆಗೂ ಸಂಬಂಧವೇ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ

ಸಾವಿರ ರೂಪಾಯಿಯ ವೋಚರ್ ಐನೂರಕ್ಕೆ ಸಿಕ್ಕಿತು ಎಂದುಕೊಳ್ಳೋಣ. ಷರತ್ತು: ಬಿಲ್ಲು ಕನಿಷ್ಠ ₹2,000 ಆಗಬೇಕು. ಇಬ್ಬರು ಹೋದಿರಿ, ಎರಡು ಸಾವಿರಕ್ಕೆ ಊಟ ಮಾಡಿದಿರಿ. ಶೇ 5ರ ಜಿಎಸ್‌ಟಿ ಸೇರಿ ₹2,100. ಅದರಲ್ಲಿ ವೋಚರ್‌ನ ಸಾವಿರ ಕಳೆದು ₹1,100 ಕೊಟ್ಟಿರಿ. ಮೊದಲೇ ಕೊಟ್ಟ ಐನೂರು ಸೇರಿ ಒಟ್ಟು ₹1,600. ಉಳಿದದ್ದು ಐನೂರು, ಅಂದರೆ ಜಾಹೀರಾತು ಹೇಳಿದ ಅರ್ಧಕ್ಕೆ ಬದಲಾಗಿ ಸುಮಾರು ಕಾಲುಭಾಗ. ಇಷ್ಟಕ್ಕೂ ನೀವಿಬ್ಬರು ಸಾಮಾನ್ಯವಾಗಿ ತಿನ್ನುವುದು ₹1,400ರಷ್ಟಾದರೆ, ವೋಚರ್ ಇಲ್ಲದೆ ಹೋಗಿದ್ದರೆ ತೆರಿಗೆ ಸೇರಿ ₹1,470ರಲ್ಲಿ ಮುಗಿಯುತ್ತಿತ್ತು. ರಿಯಾಯಿತಿ ಹಿಡಿಯಲು ಹೋಗಿ ನೂರ ಮೂವತ್ತು ಹೆಚ್ಚು ಕೊಟ್ಟ ಹಾಗಾಯಿತು.

ಕನಿಷ್ಠ ಬಿಲ್ಲು ಎಂಬುದು ಈ ವ್ಯಾಪಾರದ ಬೆನ್ನೆಲುಬು. ಅಮೆರಿಕದಲ್ಲಿ ಬಹುಕಾಲದಿಂದ ಇದನ್ನೇ ಕಸುಬಾಗಿಸಿಕೊಂಡ ರೆಸ್ಟೋರೆಂಟ್ ಡಾಟ್ ಕಾಮ್, ಇಪ್ಪತ್ತೈದು ಡಾಲರಿನ ಪ್ರಮಾಣಪತ್ರವನ್ನು ಹತ್ತು ಡಾಲರ್ ಆಸುಪಾಸಿಗೆ ಮಾರುತ್ತ ಬಂದಿದೆ. ಅವುಗಳಿಗೂ ಇಂತಿಷ್ಟು ಬಿಲ್ಲಾಗಲೇಬೇಕು ಎಂಬ ಷರತ್ತು ಇರುತ್ತದೆ. ಆ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯೊಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪತ್ರದಲ್ಲಿ ಒಂದೇ ವರ್ಷದ ಅವಧಿ ಹಾಕಿದ್ದು ಆ ರಾಜ್ಯದ ಕಾನೂನಿಗೆ ವಿರುದ್ಧ ಎಂಬುದು ಕೊಂಡವರ ದೂರು. ಕೈಯಲ್ಲಿ ಹಿಡಿಯಲಾಗದ ಹಕ್ಕಾದರೂ ಇಂಥ ಪ್ರಮಾಣಪತ್ರ ಗ್ರಾಹಕರ ಆಸ್ತಿಯೇ, ರಾಜ್ಯದ ಗ್ರಾಹಕ ಕಾನೂನಿನ ರಕ್ಷಣೆ ಅದಕ್ಕೂ ಇದೆ ಎಂದು 2013ರಲ್ಲಿ ನ್ಯಾಯಾಲಯ ಹೇಳಿತು. ಅವಧಿಯ ವಿಚಾರ ಅಲ್ಲಿ ಎಷ್ಟು ಗಂಭೀರ ಎಂದರೆ, ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕಾರ್ಡಿನ ಹಣ ಕನಿಷ್ಠ ಐದು ವರ್ಷ ಸಾಯಬಾರದು ಎಂದು 2009ರ ಅಮೆರಿಕದ ಕೇಂದ್ರ ಕಾನೂನು ಕಟ್ಟುಮಾಡಿದೆ.

ನಮ್ಮಲ್ಲಿ ಹಾಗಿಲ್ಲ, ಮತ್ತು ಇಲ್ಲೇ ಬಹಳ ಜನ ಮೋಸ ಹೋಗುವುದು. ಬ್ಯಾಂಕುಗಳು, ವಾಲೆಟ್ ಕಂಪನಿಗಳು ಕೊಡುವ, ಹಲವು ಅಂಗಡಿಗಳಲ್ಲಿ ನಡೆಯುವ ಗಿಫ್ಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕಿನ 2021ರ ಆಗಸ್ಟ್ 27ರ ನಿರ್ದೇಶನ ಅನ್ವಯಿಸುತ್ತದೆ: ಒಂದರ ಬೆಲೆ ₹10,000 ಮೀರುವಂತಿಲ್ಲ, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು, ಅವಧಿ ಮುಗಿಯುವ ಹಿಂದಿನ 45 ದಿನಗಳಲ್ಲಿ ಎಚ್ಚರಿಸಬೇಕು, ಕೇಳಿದರೆ ಅವಧಿ ನವೀಕರಿಸಿಕೊಡಲು ಅವಕಾಶವಿದೆ. ಆದರೆ ಒಂದು ರೆಸಾರ್ಟು ಅಥವಾ ಹೋಟೆಲು ತನ್ನಲ್ಲಿ ಮಾತ್ರ ನಡೆಯುವಂತೆ ಕೊಡುವ ವೋಚರ್ ಈ ನಿಯಂತ್ರಣದ ಹೊರಗಿದೆ. ಮೂರು ತಿಂಗಳಿಗೇ ಮುಗಿಯುತ್ತದೆ ಎಂದು ಅವರು ಬರೆದರೆ ರಿಸರ್ವ್ ಬ್ಯಾಂಕ್ ಕೇಳಲು ಬರುವುದಿಲ್ಲ. ಸಕಲೇಶಪುರದ ಹೆಸರಿನಲ್ಲಿ ನಿಮಗೆ ಬರುವ ವೋಚರ್ ಹೆಚ್ಚಾಗಿ ಈ ಎರಡನೇ ಬಗೆಯದು.

ಗುಡ್ಡದಲ್ಲಿ ವೋಚರ್ ಏಕೆ ಸೋಲುತ್ತದೆ

ವೋಚರ್ ಅಸಲಿಯೇ ಇರಲಿ, ಈ ಸೀಮೆಯಲ್ಲಿ ಅದನ್ನು ಬಳಸಲು ಬೇರೆಯೇ ಅಡ್ಡಿಗಳಿವೆ. ಮೊದಲನೆಯದು ನೆಟ್‌ವರ್ಕ್. ಬಿಸಿಲೆ ಕಡೆಯ ಕಾಡಂಚು, ಹೆತ್ತೂರು ಭಾಗದ ಎಷ್ಟೋ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುವ ನೆಂಟ. ಗಾಳಿ-ಮಳೆಗೆ ಮರ ಬಿದ್ದು ಕರೆಂಟು ಹೋದರೆ ಮನೆಯ ವೈಫೈ ಕೂಡ ಇಲ್ಲ. ಆಪ್ ತೆರೆದು ಕೋಡ್ ತೋರಿಸಬೇಕು, ಒಟಿಪಿ ಹೇಳಬೇಕು ಎಂಬಂಥ ವೋಚರ್ ಅಲ್ಲಿ ಕೆಲಸಕ್ಕೆ ಬಾರದು. ವೋಚರ್‌ನ ಕೋಡ್, ಷರತ್ತು, ಮಾಲೀಕರು ಒಪ್ಪಿದ ಸಂದೇಶ ಇಷ್ಟನ್ನೂ ಹಾಸನದಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಾಗದದ ಮೇಲೆ ಪ್ರಿಂಟ್ ಇದ್ದರೆ ಇನ್ನೂ ಒಳ್ಳೆಯದು. ಊಟವಾದ ಮೇಲೆ ಕೊಡಬೇಕಾದ ಬಾಕಿಗೆ ನಗದು ಇಟ್ಟುಕೊಳ್ಳಿ. ಅಲ್ಲಿ ಯುಪಿಐ ನಂಬಿ ಹೋಗುವುದು ಜಾಣತನವಲ್ಲ.

ಎರಡನೆಯದು ರಸ್ತೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ಹಲವರಿಗೆ ನೆನಪಿರಬಹುದು. 2024ರ ಜುಲೈನಲ್ಲಿ ಸಕಲೇಶಪುರ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಮತ್ತೆ ಮಣ್ಣು ಜರಿಯಿತು. ಅದೇ ತಿಂಗಳ 26ರಂದು ಎಡಕುಮೇರಿ-ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಕುಸಿದು ಬೆಂಗಳೂರು-ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ಮಂಗಳೂರಿನಿಂದ ಬರುವವರ ವೋಚರ್ ಜುಲೈ 31ಕ್ಕೆ ಮುಗಿಯುವಂತಿದ್ದರೆ? ಮನೆಯವರೊಡನೆ ನೇರ ಮಾತಾಗಿದ್ದರೆ ಹೆಚ್ಚಿನ ಕಡೆ ‘ರಸ್ತೆ ಬಿಟ್ಟ ಮೇಲೆ ಬನ್ನಿ’ ಎನ್ನುತ್ತಾರೆ. ಮಧ್ಯವರ್ತಿಯ ವೋಚರ್‌ಗೆ ಬರೆದಿಟ್ಟ ಷರತ್ತೇ ಕೊನೆಯ ಮಾತು. ಆದ್ದರಿಂದ ರಸ್ತೆ ಬಂದ್ ಆದರೆ, ಜಿಲ್ಲಾಡಳಿತ ಪ್ರವಾಸಿಗರನ್ನು ತಡೆದರೆ ದಿನಾಂಕ ಬದಲಿಸಿಕೊಡುತ್ತಾರೋ ಇಲ್ಲವೋ ಎಂಬುದು ಷರತ್ತಿನಲ್ಲಿ ಇದೆಯೇ ನೋಡಿ. ಮಳೆಗಾಲಕ್ಕೆ ಕೊಳ್ಳುವ ವೋಚರ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಕೊಳ್ಳಬೇಡಿ.

ಮೂರನೆಯದು ಆನೆ. ಆಲೂರು-ಸಕಲೇಶಪುರ ಕಾಫಿ ಸೀಮೆಯಲ್ಲಿ ಕಾಡಾನೆಗಳು ಊರು-ತೋಟಗಳ ನಡುವೆಯೇ ಓಡಾಡುತ್ತವೆ. ತೋಟದ ಕೂಲಿಯವರು, ಬೆಳೆಗಾರರು ಜೀವ ಕಳೆದುಕೊಂಡ ಸೀಮೆ ಇದು. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಎಚ್ಚರಿಕೆ ಕೊಡುತ್ತಿರುತ್ತಾರೆ. ವಾಸ ಒಂದು ಕಡೆ, ರಾತ್ರಿ ಊಟದ ವೋಚರ್ ಇನ್ನೊಂದು ಎಸ್ಟೇಟಿನಲ್ಲಿ ಎಂಬ ಏರ್ಪಾಡನ್ನು ಯಾರೇ ಮಾರಲಿ, ಈ ಸೀಮೆ ಗೊತ್ತಿಲ್ಲದವರು ಮಾಡಿದ ಏರ್ಪಾಡು ಅದು. ಕತ್ತಲಾದ ಮೇಲೆ ತೋಟದ ರಸ್ತೆಗಳಲ್ಲಿ ಊಟಕ್ಕಾಗಿ ಓಡಾಡಬೇಡಿ. ಉಳಿಯುವ ಮನೆಯಲ್ಲೇ ಊಟ ಇರಲಿ.

ಒಂದು ಫೋನು

ನನ್ನ ಪ್ರಕಾರ ಎಲ್ಲ ತಪಾಸಣೆಗಿಂತ ಮೇಲಿನದು ಒಂದು ಫೋನು, ಅದೂ ದುಡ್ಡು ಕಳಿಸುವ ಮುಂಚೆ. ಆದರೆ ಜಾಹೀರಾತಿನಲ್ಲಿ ಕೊಟ್ಟಿರುವ ನಂಬರಿಗೆ ಮಾಡಿದರೆ ಪ್ರಯೋಜನವಿಲ್ಲ; ಅಲ್ಲಿ ಎತ್ತುವುದು ಜಾಹೀರಾತು ಹಾಕಿದವರೇ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಮನೆಯಾದರೆ ಹಾಸನದ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು. ಹಿಂದೆ ಅಲ್ಲಿ ಉಳಿದು ಬಂದ ನೆಂಟರು, ಆಫೀಸಿನವರು ಇದ್ದರೆ ಅವರಿಂದ ನಂಬರ್ ಪಡೆಯಿರಿ. ಊರಿನ ಹೆಸರು ಗೊತ್ತಿದ್ದರೆ ಅಲ್ಲಿನ ಅಂಗಡಿಯವರೋ ಜೀಪಿನವರೋ ಮನೆ ಯಾರದು ಎಂದು ಹೇಳಿಯೇ ಹೇಳುತ್ತಾರೆ. ಮಲೆನಾಡಿನ ಊರುಗಳಲ್ಲಿ ತೋಟದ ಮನೆಯ ಹೆಸರು ಗುಟ್ಟಾಗಿ ಉಳಿಯುವುದಿಲ್ಲ.

ಮಾತು ಹೇಗಿರಬೇಕು?

‘ನಮಸ್ಕಾರ ಅಕ್ಕಾ, ಬೆಂಗಳೂರಿಂದ ಮಾತಾಡ್ತಿದೀನಿ. ನಿಮ್ಮ ಮನೆ ಹೆಸರಲ್ಲಿ ಇಬ್ಬರಿಗೆ ಊಟ-ವಾಸದ ವೋಚರ್ ಅಂತ ಒಂದು ಬಂದಿದೆ. ನೀವೇ ಕೊಟ್ಟಿರೋದಾ?’

‘ಯಾರ ಹತ್ರ ತಗೊಂಡ್ರಿ? ನಾವು ಹಂಗೆಲ್ಲ ಯಾರಿಗೂ ಕೊಟ್ಟಿಲ್ಲವಲ್ಲ.’

‘ಇನ್ನೂ ತಗೊಂಡಿಲ್ಲ ಅಕ್ಕಾ, ನಿಮ್ಮನ್ನ ಕೇಳೋಣ ಅಂತ ಮಾಡ್ದೆ.’

‘ಒಳ್ಳೇದಾಯ್ತು ಬಿಡಿ. ಬರೋದಾದ್ರೆ ಯಾವ ದಿನ, ಎಷ್ಟು ಜನ ಅಂತ ಹೇಳಿ. ಮಕ್ಕಳಿದ್ರೆ ಅವರಿಗೆ ಕಮ್ಮಿ ಮಾಡ್ತೀವಿ. ಸ್ವಲ್ಪ ಅಡ್ವಾನ್ಸ್ ಹಾಕಿ, ಬಾಕಿ ಬಂದ್ಮೇಲೆ ಕೊಡಿ.’

ಇಷ್ಟರಲ್ಲಿ ವೋಚರ್‌ನ ಬಂಡವಾಳವೂ ತಿಳಿಯಿತು, ಬೇಕಾದ ವ್ಯವಸ್ಥೆಯೂ ಆಯಿತು. ಅವರು ‘ಹೌದು, ಆ ಕಂಪನಿಗೆ ನಾವೇ ಕೊಟ್ಟಿದ್ದೀವಿ’ ಎಂದರೆ ಇನ್ನು ಕೆಲವನ್ನು ಕೇಳಿ ತಿಳಿದುಕೊಳ್ಳಿ: ನಾನು ಬರುವ ದಿನಕ್ಕೆ ಅದು ನಡೆಯುತ್ತದೆಯೇ, ಮಾಂಸದೂಟಕ್ಕೆ ಬೇರೆ ದುಡ್ಡೇ, ಜೀಪು-ಕ್ಯಾಂಪ್‌ಫೈರ್‌ಗೆ ಬೇರೆಯೇ, ಬರಲಾಗದಿದ್ದರೆ ದಿನ ಬದಲಿಸುತ್ತೀರಾ. ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಮುಂದೆ ತಕರಾರಾದರೆ ಆ ಸಾಲೇ ನಿಮ್ಮ ಸಾಕ್ಷಿ.

ನಕಲಿ ಪುಟದ ಗುರುತು

ಪ್ರವಾಸಿ ತಾಣಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟು, ನಕಲಿ ಫೇಸ್‌ಬುಕ್ ಪುಟ, ಗೂಗಲ್‌ನಲ್ಲಿ ಹಣ ಕೊಟ್ಟು ಮೇಲೆ ಬರಿಸಿದ ಜಾಹೀರಾತುಗಳ ಮೂಲಕ ಬುಕಿಂಗ್ ವಂಚನೆ ನಡೆಯುತ್ತಿದೆ ಎಂದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಯಾತ್ರಾಸ್ಥಳಗಳ ವಸತಿ, ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್‌ಗಳ ಉದಾಹರಣೆ ಅದರಲ್ಲಿತ್ತು. ಸಕಲೇಶಪುರದಂಥ ಕಡೆ ಈ ವಂಚನೆ ಇನ್ನೂ ಸುಲಭ. ಇಲ್ಲಿನ ಎಷ್ಟೋ ಹೋಮ್‌ಸ್ಟೇಗಳಿಗೆ ದೊಡ್ಡ ಹೋಟೆಲುಗಳ ಹಾಗೆ ಅಧಿಕೃತ ವೆಬ್‌ಸೈಟ್ ಇಲ್ಲ. ಫೋಟೋ ಕದ್ದು ಪುಟ ಕಟ್ಟಿದರೆ ಅಸಲಿ ಯಾವುದು ನಕಲಿ ಯಾವುದು ಎಂದು ದೂರದವರಿಗೆ ತಿಳಿಯುವುದಿಲ್ಲ. ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಅದೇ ಈಜುಕೊಳ ವಯನಾಡಿನಲ್ಲೋ ಬಾಲಿಯಲ್ಲೋ ಕಾಣಿಸಿಕೊಂಡರೆ ಅಲ್ಲಿಗೆ ಬಿಟ್ಟುಬಿಡಿ.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಅದು ಹದಿನೈದು ಅಕ್ಷರಾಂಕಿಗಳದು. ಕರ್ನಾಟಕದ್ದಾದರೆ 29ರಿಂದ ಆರಂಭವಾಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಆ ನಂಬರ್ ಹಾಕಿ ಹೆಸರು, ಊರು, ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ಸಣ್ಣ ಹೋಮ್‌ಸ್ಟೇಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಅದೇ ಮೋಸ ಎಂದುಕೊಳ್ಳಬೇಡಿ. ವರ್ಷಕ್ಕೆ ಇಪ್ಪತ್ತು ಲಕ್ಷದೊಳಗಿನ ಸೇವಾ ವಹಿವಾಟಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಊರೂರಿನ ವೋಚರ್ ಮಾರುವ ಕಂಪನಿಯ ಮಾತು ಬೇರೆ, ಅದು ತನ್ನ ನೋಂದಾಯಿತ ಹೆಸರು, ವಿಳಾಸ ತೋರಿಸಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆ ಹದಿನಾಲ್ಕು ಅಂಕಿಯದು. 2022ರ ಜನವರಿಯಿಂದ ಊಟದ ಬಿಲ್ಲಿನ ಮೇಲೂ ಅದು ಇರಬೇಕು.

ದುಡ್ಡು ಕಳಿಸುವಾಗ ಯುಪಿಐ ತೆರೆಯ ಮೇಲೆ ಬರುವ, ಬ್ಯಾಂಕಿನಲ್ಲಿರುವ ಖಾತೆದಾರರ ಹೆಸರನ್ನು ನಿಧಾನವಾಗಿ ಓದಿ. ಹೋಮ್‌ಸ್ಟೇ ಹಾನುಬಾಳಿನದು, ಖಾತೆಯ ಹೆಸರು ಮನೆಯವರಿಗೂ ಕಂಪನಿಗೂ ಸಂಬಂಧವಿಲ್ಲದ ಯಾರದೋ ಆಗಿದ್ದರೆ ಅಲ್ಲೇ ನಿಲ್ಲಿಸಿ. ಗೊತ್ತಿಲ್ಲದ ಕಂಪನಿಯಿಂದ ಕೊಳ್ಳಲೇಬೇಕಾದರೆ ಕ್ರೆಡಿಟ್ ಕಾರ್ಡ್ ಮೇಲು. ಸೇವೆ ಸಿಗದಿದ್ದರೆ ಬ್ಯಾಂಕಿನ ಮೂಲಕ ತಕರಾರು ಎತ್ತಿ ಹಣ ವಾಪಸ್ ಕೇಳುವ ದಾರಿ ಅದರಲ್ಲಿದೆ. ವ್ಯಕ್ತಿಯ ಖಾತೆಗೆ ಯುಪಿಐ ಮಾಡಿದ ಹಣಕ್ಕೆ ಆ ದಾರಿ ಬಲು ಕಿರಿದು. ಟೆಲಿಗ್ರಾಂ ಗುಂಪುಗಳಲ್ಲಿ, ಸೆಕೆಂಡ್‌ಹ್ಯಾಂಡ್ ಸಾಮಾನು ಮಾರುವ ಕಡೆ ‘ನನಗೆ ಬಂದ ಗಿಫ್ಟ್ ಕಾರ್ಡ್, ಬಳಸಲಾಗುತ್ತಿಲ್ಲ, ಕಡಿಮೆಗೆ ಕೊಡುತ್ತೇನೆ’ ಎನ್ನುವವರಿಂದ ದೂರ ಇರಿ. ಅದೇ ಕೋಡ್ ಎಷ್ಟು ಜನರಿಗೆ ಮಾರಿದ್ದಾರೆ, ಕದ್ದ ಕಾರ್ಡಿನ ಹಣದಿಂದ ಕೊಂಡದ್ದೋ ಏನೋ, ತಿಳಿಯುವ ಬಗೆಯೇ ಇಲ್ಲ. ಮೊದಲು ಬಳಸಿದವರ ಪಾಲಿಗೆ ಊಟ, ಉಳಿದವರಿಗೆ ಖಾಲಿ ಕೋಡ್.

ಮಾಲ್‌ಗಳಲ್ಲಿ ಚೀಟಿ ತುಂಬಿಸಿಕೊಂಡು ‘ನಿಮಗೆ ಎರಡು ರಾತ್ರಿಯ ಉಚಿತ ವೋಚರ್ ಬಂದಿದೆ, ಗಂಡ-ಹೆಂಡತಿ ಇಬ್ಬರೂ ಬನ್ನಿ’ ಎಂದು ಕರೆಯುವುದೂ ಇದೇ ಜಾತಿಯದು. ಅಲ್ಲಿ ಗಂಟೆಗಟ್ಟಲೆ ಕೂರಿಸಿ ಲಕ್ಷಗಟ್ಟಲೆ ರೂಪಾಯಿಯ ಸದಸ್ಯತ್ವ ಮಾರುತ್ತಾರೆ. ಉಚಿತ ವೋಚರ್ ಬಳಸಹೊರಟರೆ ನಿರ್ವಹಣಾ ಶುಲ್ಕ, ಕಡ್ಡಾಯ ಊಟದ ಶುಲ್ಕ, ಸೀಸನ್ ಶುಲ್ಕ ಎಂದು ಬೇರೆ ಬೇರೆ ಹೆಸರಿನಲ್ಲಿ ದುಡ್ಡು ಕೇಳುತ್ತಾರೆ. ಆ ಸಭೆಗೆ ಹೋಗದಿರುವುದೇ ಲೇಸು.

ಕಾನೂನು ನಿಮ್ಮ ಪರವಾಗಿ ಏನು ಹೇಳುತ್ತದೆ

‘ಇನ್ನು ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಮುಗಿಯುತ್ತದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಹಂತದಲ್ಲಿ ಹೊಸ ಶುಲ್ಕ ಸೇರಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಹಾಕುವುದು, ಇವನ್ನೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಹೋಟೆಲಿನವರು ತಾವಾಗಿಯೇ ಸೇವಾ ಶುಲ್ಕ ಸೇರಿಸುವಂತಿಲ್ಲ ಎಂಬ ಅದೇ ಪ್ರಾಧಿಕಾರದ 2022ರ ಜುಲೈ 4ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ವೋಚರ್ ತಂದವರ ಬಿಲ್ಲಿಗೂ ಅದು ಅನ್ವಯ. ಆನ್‌ಲೈನ್ ಮಾರಾಟದ 2020ರ ನಿಯಮಗಳ ಪ್ರಕಾರ ಕಂಪನಿಗೆ ದೂರು ಅಧಿಕಾರಿ ಇರಲೇಬೇಕು. ದೂರು ಮುಟ್ಟಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ವೋಚರ್ ಅಸಲಿ, ಆದರೆ ಮನೆಯವರು ಒಪ್ಪಲಿಲ್ಲ ಅಥವಾ ಕಂಪನಿ ಹಣ ವಾಪಸ್ ಕೊಡುತ್ತಿಲ್ಲ ಎಂದಾದರೆ ಅದು ಗ್ರಾಹಕ ವ್ಯಾಜ್ಯ. ಮೊದಲು ಕಂಪನಿಗೆ ಇಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾನೂನಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೈಸೂರಿನವರು ಹಾಸನಕ್ಕೋ ದೆಹಲಿಗೋ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಘಟನೆಯಾಗಿ ಎರಡು ವರ್ಷದೊಳಗೆ ದೂರು ಸಲ್ಲಿಸಿರಬೇಕು. ₹2,499ಕ್ಕೆ ಯಾರು ಕೋರ್ಟು ಹತ್ತುತ್ತಾರೆ ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಈ ದಂಧೆ ನಡೆಯುವುದೇ ಆ ಧೈರ್ಯದ ಮೇಲೆ. ದಯವಿಟ್ಟು ಬಿಡಬೇಡಿ, ಕನಿಷ್ಠ 1915ಕ್ಕಾದರೂ ದೂರು ಬರೆಸಿ.

ಪುಟವೇ ನಕಲಿ, ಹಣ ಹೋಗಿದೆ ಎಂದು ತಿಳಿದರೆ ದಾರಿ ಬೇರೆ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ವಂಚಕರ ಖಾತೆಯಲ್ಲಿದ್ದರೆ ತಡೆಹಿಡಿಯಲು ಸಾಧ್ಯ. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಹಾರಿರುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ವಹಿವಾಟಿನ ಯುಟಿಆರ್ ಸಂಖ್ಯೆ, ಪುಟದ ಸ್ಕ್ರೀನ್‌ಶಾಟ್, ಮಾತುಕತೆ ಯಾವುದನ್ನೂ ಅಳಿಸಬೇಡಿ. ಹಾಸನದಲ್ಲಿರುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇಂಥ ಪ್ರಕರಣಗಳನ್ನು ನೋಡಿಕೊಳ್ಳುತ್ತದೆ. ಬೇರೆ ಜಿಲ್ಲೆಗಳಲ್ಲೂ ಇವೆ. ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಬಳಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ಇಲ್ಲಿ ಇನ್ನೊಂದು ಅಪಾಯವಿದೆ, ಇದನ್ನು ವಯಸ್ಸಾದವರಿಗೆ ವಿಶೇಷವಾಗಿ ಹೇಳಿಡಬೇಕು. ಹಣ ಕಳೆದುಕೊಂಡವರು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಸಿಗುವುದೂ ವಂಚಕರ ನಂಬರೇ ಆಗಿರಬಹುದು. ‘ರೀಫಂಡ್ ಕೊಡುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ’ ಎನ್ನುತ್ತಾರೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಆಪ್ ಫೈಲ್ ಕಳಿಸಿ ಹಾಕಿಕೊಳ್ಳಿ ಎನ್ನುತ್ತಾರೆ. ಹಣ ಪಡೆಯಲು ಪಿನ್ ಎಂದೂ ಬೇಕಿಲ್ಲ. ಹೋದ ಎರಡು ಸಾವಿರ ತರಲು ಹೋಗಿ ಖಾತೆಯೇ ಬರಿದಾಗುವುದು ಹೀಗೆ.

ತೋಟದ ಮನೆಯವರಿಗೂ ಒಂದು ಮಾತು. ನಿಮ್ಮ ಹೆಸರಿನ ನಕಲಿ ವೋಚರ್ ಹಿಡಿದು ಅತಿಥಿಗಳು ಗೇಟಿಗೆ ಬಂದರೆ ಅವರನ್ನು ಬೈದು ಕಳಿಸುವ ಮೊದಲು ಆ ವೋಚರ್‌ನ ಫೋಟೋ ತೆಗೆದುಕೊಳ್ಳಿ, ಹಣ ಹೋದ ಖಾತೆಯ ವಿವರ ಬರೆದುಕೊಳ್ಳಿ, ನೀವೂ ಠಾಣೆಗೆ ದೂರು ಕೊಡಿ. ನಿಮ್ಮ ದೂರಿದ್ದರೆ ಅವರ ದೂರಿಗೂ ಬಲ ಬರುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಮನೆಯ ಜಾಗವನ್ನು ನೀವೇ ನೋಂದಾಯಿಸಿ ಸರಿಯಾದ ಫೋನ್ ನಂಬರ್ ಹಾಕಿಡಿ, ಯಾರೂ ವಹಿಸಿಕೊಳ್ಳದೆ ಬಿಟ್ಟ ಜಾಗದ ನಂಬರನ್ನು ಬೇರೆಯವರು ಬದಲಿಸುವುದುಂಟು. ಉಡುಗೊರೆ ಕೊಡಬೇಕೆಂದು ಕೇಳುವವರಿಗೆ ನೀವೇ ವೋಚರ್ ಬರೆದುಕೊಡಬಹುದು: ಕ್ರಮಸಂಖ್ಯೆ, ಯಾರ ಹೆಸರಿಗೆ, ಎಷ್ಟು ಜನಕ್ಕೆ, ಯಾವ ಯಾವ ಊಟ, ಯಾವ ದಿನಗಳಿಗೆ ಇಲ್ಲ, ಕೊನೆಯ ದಿನಾಂಕ, ಮಳೆಗೆ ರಸ್ತೆ ನಿಂತರೆ ಎಷ್ಟು ದಿನ ಮುಂದೂಡುತ್ತೀರಿ, ಪಡೆದ ಹಣ, ನಿಮ್ಮ ಸಹಿ. ಅದರ ಪ್ರತಿ ನಿಮ್ಮ ಪುಸ್ತಕದಲ್ಲೂ ಇರಲಿ, ಕೋಣೆ ಬುಕಿಂಗ್ ನೋಡಿಕೊಳ್ಳುವವರ ಹತ್ತಿರವೂ ಇರಲಿ.